ಗಂಡನಿಗೆ ಎರಡೇ ವರ್ಷ, ಉಳಿದವರೆಲ್ಲ ಖುಲಾಸೆ: ಇನ್ನು ಅಪೀಲು ಹಾಕಬಹುದಾ?

ಪ್ರಶ್ನೆ: ನಾವು ಜಗಳೂರು ತಾಲ್ಲೂಕಿನವರು. ನನ್ನ ತಂಗಿಯನ್ನು 2017ರ ಮೇ ತಿಂಗಳಲ್ಲಿ ಚನ್ನಗಿರಿ ಕಡೆ ಕೊಟ್ಟಿದ್ದೆವು. ಅಡಿಕೆ ತೋಟದ ಮನೆ ಅಂತ 8 ತೊಲ ಬಂಗಾರ, 3 ಲಕ್ಷ ರೂಪಾಯಿ ಕೊಟ್ಟು ಮದುವೆ ಮಾಡಿದೆವು. ಆಮೇಲೆ ತೋಟದ ಬೋರು ಬತ್ತಿತು. ಹೊಸ ಬೋರ್‌ವೆಲ್‌ಗೆ ತವರಿನಿಂದ 4 ಲಕ್ಷ ತಾ ಅಂತ ಶುರುವಾಯಿತು. 2020ರಲ್ಲಿ ಹೊಡೆದು ಕಳಿಸಿದ್ದರು. ಆಸ್ಪತ್ರೆಗೆ ತೋರಿಸಿ, ಹಿರಿಯರನ್ನು ಕೂರಿಸಿ ಪಂಚಾಯ್ತಿ ಮಾಡಿ ವಾಪಸ್ ಕಳಿಸಿದೆವು. 2021ರ ದೀಪಾವಳಿಗೆ ಬಂದಾಗ ರಾತ್ರಿಯೆಲ್ಲ ಅಮ್ಮನ ಹತ್ತಿರ ಅತ್ತಳಂತೆ. ಎರಡು ವಾರಕ್ಕೆ ಆತ್ಮಹತ್ಯೆ ಮಾಡಿಕೊಂಡಳು ಅಂತ ಸುದ್ದಿ ಬಂತು. ಅಪ್ಪ ದೂರು ಕೊಟ್ಟರು. ಗಂಡ, ಅತ್ತೆ, ಮಾವ, ಮೈದುನ, ಇಬ್ಬರು ನಾದಿನಿಯರ ಮೇಲೆ ಕೇಸಾಯಿತು. ಈಗ 38 ದಿನದ ಹಿಂದೆ ದಾವಣಗೆರೆ ಸೆಷನ್ಸ್ ಕೋರ್ಟಿನಲ್ಲಿ ತೀರ್ಪು ಬಂದಿದೆ. 304ಬಿ (ವರದಕ್ಷಿಣೆ ಸಾವು), 306 (ಆತ್ಮಹತ್ಯೆಗೆ ಪ್ರಚೋದನೆ) ಎರಡರಲ್ಲೂ ಎಲ್ಲರೂ ಖುಲಾಸೆ. ಗಂಡನಿಗೆ ಮಾತ್ರ 498ಎ (ಹೆಂಡತಿಗೆ ಕ್ರೌರ್ಯ) ಅಡಿ 2 ವರ್ಷ, ಅವನೂ ಅವತ್ತೇ ಮನೆಗೆ ಹೋದ. ಬೋರ್‌ವೆಲ್ ದುಡ್ಡು ವರದಕ್ಷಿಣೆ ಅಲ್ಲ, ದೀಪಾವಳಿಯ ವಿಷಯ ದೂರಿನಲ್ಲಿ ಇಲ್ಲ, ಅಮ್ಮ ಹೇಳಿದ್ದು ಬರೀ ಕೇಳಿದ ಮಾತು ಅಂತ ತೀರ್ಪಿನಲ್ಲಿ ಬರೆದಿದೆ. ಊರಲ್ಲಿ ಒಬ್ಬರು ಖುಲಾಸೆ ಆದ ಮೇಲೆ ಮುಗೀತು ಅಂತಾರೆ. ಇನ್ನೊಬ್ಬರು ಹೈಕೋರ್ಟಲ್ಲಿ ಎಲ್ಲ ಸಾಕ್ಷಿಗಳನ್ನೂ ಮತ್ತೆ ಕರೆಸ್ತಾರೆ, ಆಗ ಸರಿಯಾಗಿ ಹೇಳಿದರಾಯ್ತು ಅಂತಾರೆ. ತಂಗಿ ಕಳಿಸಿದ್ದ ವಾಟ್ಸಾಪ್ ವಾಯ್ಸ್ ಮೆಸೇಜ್ ಅಮ್ಮನ ಫೋನಿನಲ್ಲಿ ಇದೆ, ಅದನ್ನು ಯಾರೂ ಕೇಳಲೇ ಇಲ್ಲ. ತಂಗಿಯ ಮಗಳು ನಮ್ಮ ಹತ್ತಿರ ಬೆಳೆಯುತ್ತಿದ್ದಾಳೆ. ಅಪೀಲು ಬಿಟ್ಟರೆ ಮಗು ನಿಮ್ಮಲ್ಲೇ ಇರಲಿ, ಇಲ್ಲದಿದ್ದರೆ ಕರ್ಕೊಂಡು ಹೋಗ್ತೀವಿ ಅಂತ ಅವರ ಕಡೆಯವರು ಹೇಳಿ ಕಳಿಸಿದ್ದಾರೆ. ಅಮ್ಮ ಸರಿಯಾಗಿ ಊಟ ಮಾಡುತ್ತಿಲ್ಲ, ಅವಳಿಗೆ ನ್ಯಾಯ ಸಿಗದಿದ್ದರೆ ನಾನ್ಯಾಕಿರಲಿ ಅಂತಾಳೆ. ಏನು ಮಾಡೋಣ?

ಉತ್ತರ: ನೀವು ಕೊನೆಗೆ ಬರೆದ ಸಾಲಿನಿಂದಲೇ ಶುರು ಮಾಡುತ್ತೇನೆ. ಸದ್ಯಕ್ಕೆ ಅಮ್ಮನನ್ನು ಒಬ್ಬರನ್ನೇ ಬಿಡಬೇಡಿ. 14416ಕ್ಕೆ ಫೋನ್ ಮಾಡಿ, ಅದು ಟೆಲಿ ಮಾನಸ್, ದುಡ್ಡಿಲ್ಲ, ಹಗಲೂ ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಅಮ್ಮ ಮಾತಾಡಲ್ಲ ಅಂದರೆ ನೀವೇ ಮಾಡಿ, ಹೇಗೆ ನೋಡಿಕೊಳ್ಳಬೇಕು ಅಂತ ಕೇಳಿ. ಇದನ್ನು ಸುಮ್ನೆ ಉಪಚಾರಕ್ಕೆ ಹೇಳುತ್ತಿಲ್ಲ. ನಿಮ್ಮ ಇಡೀ ಅಪೀಲಿನಲ್ಲಿ ಅಮ್ಮನಷ್ಟು ಮುಖ್ಯವಾದವರು ಬೇರೆ ಯಾರೂ ಇಲ್ಲ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ. ಅಪೀಲು ಒಂದೆರಡು ತಿಂಗಳಿನ ಕೆಲಸವೂ ಅಲ್ಲ, ವರ್ಷಗಟ್ಟಲೆ ಹಿಡಿಯುತ್ತದೆ.

ಈಗ ದಿನದ ಲೆಕ್ಕ. ಶಿಕ್ಷೆಯಾದವನು ಹೈಕೋರ್ಟಿಗೆ ಅಪೀಲು ಹಾಕಲು 60 ದಿನ. ಖುಲಾಸೆಯ ವಿರುದ್ಧ ಸರ್ಕಾರ ಹಾಕಲು 90 ದಿನ. ನೊಂದ ಕುಟುಂಬಕ್ಕೆ ಇಷ್ಟೇ ದಿನ ಅಂತ ಕಾಯ್ದೆ ಬಿಡಿಸಿ ಬರೆದಿಲ್ಲ, ಬೇರೆ ಬೇರೆ ಹೈಕೋರ್ಟುಗಳು ಬೇರೆ ಬೇರೆ ಲೆಕ್ಕ ಹಿಡಿದಿವೆ. ಹಾಗಾಗಿ ನಾನು ನನ್ನ ಕಕ್ಷಿದಾರರಿಗೆ 60 ಅಂತಲೇ ಹೇಳುತ್ತೇನೆ, ಅದರೊಳಗೆ ಹಾಕಿದವರಿಗೆ ಯಾರೂ ತಕರಾರು ಮಾಡಲ್ಲ. ನಿಮ್ಮದು 38 ಹೋಯಿತು, 22 ಉಳಿಯಿತು. ತೀರ್ಪಿನ ದೃಢೀಕೃತ ನಕಲಿಗೆ ಅರ್ಜಿ ಕೊಟ್ಟ ದಿನದಿಂದ ನಕಲು ತಯಾರಾಗುವ ದಿನದವರೆಗಿನ ಸಮಯ ಲೆಕ್ಕದಿಂದ ಬಿಟ್ಟುಹೋಗುತ್ತದೆ. ಆದರೆ ಅರ್ಜಿ ಕೊಟ್ಟಿದ್ದರೆ ಮಾತ್ರ! ಮೊಬೈಲಿನಲ್ಲಿ ತೀರ್ಪು ಡೌನ್‌ಲೋಡ್ ಮಾಡಿ ಓದಿಕೊಂಡು, ನಕಲಿನ ಅರ್ಜಿ ಹಾಕದೆ ಕೂತವರನ್ನು ಎಷ್ಟೋ ಜನರನ್ನು ನೋಡಿದ್ದೇನೆ. ತಡವಾದರೆ ಕಾರಣ ಹೇಳಿ ಮನ್ನಿಸಿ ಅಂತ ಕೇಳಬಹುದು, ಅದು ಬೇರೆ ಮಾತು. ಕೇಳುವ ಪರಿಸ್ಥಿತಿ ಯಾಕೆ ತಂದುಕೊಳ್ಳಬೇಕು?

ಖುಲಾಸೆ ಆದ ಮೇಲೆ ಮುಗೀತು ಅನ್ನುವುದು ಹಳೇ ಕಾಲದ ಮಾತು. ಮೊದಲು ಸರ್ಕಾರ ಮನಸ್ಸು ಮಾಡಿದರೆ ಉಂಟು, ಇಲ್ಲದಿದ್ದರೆ ಇಲ್ಲ ಅನ್ನುವ ಹಾಗೇ ಇತ್ತು. 2009ರ ಡಿಸೆಂಬರ್ 31ರಿಂದ ನೊಂದವರಿಗೇ ಅಪೀಲಿನ ಹಕ್ಕು ಬಂದಿದೆ. ಹಳೆ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದು 372ನೇ ಕಲಂ, ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 413. ಸರ್ಕಾರ ಅಪೀಲು ಹಾಕಬೇಕಾದರೆ ಹೈಕೋರ್ಟಿನ ಅನುಮತಿ ಬೇಕು, ನಿಮಗೆ ಆ ಅನುಮತಿಯೂ ಬೇಡ ಅಂತ 2018ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದು ನಮ್ಮ ಕರ್ನಾಟಕದಿಂದಲೇ ಹೋದ ಕೇಸು, ವಕೀಲರು ಕೊಡಗಲಿ ಕೇಸು ಅಂತಾರೆ. ಹಾಗಾಗಿ ಸರ್ಕಾರಿ ವಕೀಲರು ಏನು ಅಭಿಪ್ರಾಯ ಬರೆದು ಕಳಿಸುತ್ತಾರೋ, ಇಲಾಖೆ ಏನು ತೀರ್ಮಾನ ಮಾಡುತ್ತದೋ ಅಂತ ಕಾಯಬೇಡಿ. ಸರ್ಕಾರವೂ ಹಾಕಲಿ ಅಂತ ಒಂದು ಮನವಿ ಬರೆದುಕೊಡಿ, ನಿಮ್ಮದು ನೀವು ಹಾಕಿ.

ಎಲ್ಲಿಗೆ ಅಂದರೆ, ಬೆಂಗಳೂರಿಗೆ. ದೂರದಲ್ಲಿ ಧಾರವಾಡವೇ ಹತ್ತಿರ ಅಲ್ವಾ ಅಂತ ತುಂಬಾ ಜನ ಕೇಳುತ್ತಾರೆ. ಹರಿಹರದ ಸೇತುವೆ ದಾಟಿ ರಾಣೆಬೆನ್ನೂರು ತಾಲ್ಲೂಕಿಗೆ ಕಾಲಿಟ್ಟರೆ ಅವರದು ಧಾರವಾಡ ಪೀಠ, ಹೊಳೆಯ ಈಚೆಗಿರುವ ನಮ್ಮದು, ಚಿತ್ರದುರ್ಗದವರದು, ಬೆಂಗಳೂರಿನ ಪ್ರಧಾನ ಪೀಠ.

ಅವತ್ತೇ ಮನೆಗೆ ಹೋದ ಅನ್ನುವುದು ನಿಮ್ಮನ್ನು ಚುಚ್ಚಿದೆ ಅಂತ ಗೊತ್ತಾಗುತ್ತದೆ. ದುಡ್ಡು ಓಡಾಡಿದೆ ಅಂತ ಊರಲ್ಲಿ ಮಾತೂ ಹುಟ್ಟಿರುತ್ತದೆ. ಹಾಗಲ್ಲ. ಶಿಕ್ಷೆ 3 ವರ್ಷದೊಳಗಿದ್ದು, ಆರೋಪಿ ಅಲ್ಲಿಯವರೆಗೆ ಜಾಮೀನಿನ ಮೇಲಿದ್ದರೆ, ಅಪೀಲು ಹಾಕಿಕೊಳ್ಳಲಿ ಅಂತ ಆ ಕೋರ್ಟೇ ಅವನನ್ನು ಬಿಡಬೇಕು, ಕಾಯ್ದೆಯಲ್ಲೇ ಹಾಗಿದೆ. 2 ವರ್ಷ ಕಡಿಮೆಯಾಯಿತು, ಜಾಸ್ತಿ ಮಾಡಿ ಅಂತ ನೀವು ಅಪೀಲು ಹಾಕಲು ಬರುವುದಿಲ್ಲ, 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಖಚಿತ ಮಾಡಿದೆ. ಅದು ಸರ್ಕಾರದ ಕೈಲಿರುವ ಹಕ್ಕು. ನೀವು ಕೇಳಬಹುದಾದದ್ದು ಬೇರೆ: 304ಬಿ ಮತ್ತು 306ರಲ್ಲಿ ಬಿಟ್ಟದ್ದು ತಪ್ಪು ಅಂತ.

ಇನ್ನು ಹೈಕೋರ್ಟಲ್ಲಿ ಎಲ್ಲರನ್ನೂ ಮತ್ತೆ ಕರೆಸುತ್ತಾರೆ ಅನ್ನುವುದು. ಇಲ್ಲ, ಕರೆಸಲ್ಲ. ಈ ಒಂದು ಭ್ರಮೆಯಿಂದ ಎಷ್ಟೋ ಕುಟುಂಬಗಳು ಕೆಳಗಿನ ಕೋರ್ಟಿನಲ್ಲಿ ಹಗುರವಾಗಿ ಇದ್ದುಬಿಡುತ್ತವೆ. ಅಪೀಲು ಅಂದರೆ ಓದು. ಇಬ್ಬರು ನ್ಯಾಯಮೂರ್ತಿಗಳೋ ಒಬ್ಬರೋ ಕೂತು, ಕೆಳಗಿನ ಕೋರ್ಟಿನ ಕಡತವನ್ನು ಓದುತ್ತಾರೆ: ದೂರು, ಮಹಜರು, ಹೇಳಿಕೆ, ಮುಖ್ಯ ವಿಚಾರಣೆ, ಪಾಟಿ ಸವಾಲು. ಅಲ್ಲಿ ನಿಮ್ಮ ಅಮ್ಮನ ಕಣ್ಣೀರು ಕಾಣಲ್ಲ, ಅಮ್ಮ ಹೇಳಿದ್ದನ್ನು ಟೈಪ್ ಮಾಡಿದ ಆರೇಳು ಪುಟ ಕಾಣುತ್ತದೆ. ಅದರ ಮೇಲೆ ಇನ್ನೊಂದು ಕಷ್ಟ ಇದೆ. ಮೊದಲೇ ಆರೋಪಿ ನಿರಪರಾಧಿ ಅಂತ ಕಾನೂನು ಊಹಿಸುತ್ತದೆ, ಖುಲಾಸೆ ಆದ ಮೇಲೆ ಆ ಊಹೆ ಇಮ್ಮಡಿ ಆಗುತ್ತದೆ. 2007ರ ಚಂದ್ರಪ್ಪ ಕೇಸಿನಲ್ಲಿ, ಅದೂ ಕರ್ನಾಟಕದ್ದೇ, ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ಹೈಕೋರ್ಟಿಗೆ ಸಾಕ್ಷ್ಯವನ್ನು ಪೂರ್ತಿ ಮತ್ತೆ ತೂಗುವ ಅಧಿಕಾರ ಇದೆ, ಆದರೆ ಎರಡು ಅಭಿಪ್ರಾಯಕ್ಕೆ ಅವಕಾಶ ಇದ್ದರೆ ಖುಲಾಸೆಯ ಅಭಿಪ್ರಾಯವನ್ನು ಕೆಡಿಸಬಾರದು. ಅಂದರೆ ನಾನಾಗಿದ್ದರೆ ಶಿಕ್ಷೆ ಕೊಡುತ್ತಿದ್ದೆ ಅಂತ ಹೈಕೋರ್ಟಿಗೆ ಅನ್ನಿಸಿದರೆ ಸಾಲದು. ಕೆಳಗಿನವರು ಬಂದ ದಾರಿಯೇ ತಪ್ಪು ಅಂತ ತೋರಿಸಬೇಕು.

ಹಾಗಾದರೆ ನಿಮ್ಮ ಕೇಸಿನಲ್ಲಿ ದಾರಿ ತಪ್ಪಿದೆಯಾ? ನೀವು ಬರೆದಷ್ಟರ ಮೇಲೆ ಹೇಳುವುದಾದರೆ, ಎರಡು ಕಡೆ ತಪ್ಪಿದ ಹಾಗೆ ಕಾಣುತ್ತದೆ, ಒಂದು ಕಡೆ ಅನುಮಾನ.

ಮೊದಲನೆಯದು ಬೋರ್‌ವೆಲ್. ಮದುವೆಯ ಸಂಬಂಧವಾಗಿ ಕೇಳಿದ್ದು ಮಾತ್ರ ವರದಕ್ಷಿಣೆ, ದುಡ್ಡಿನ ಮುಗ್ಗಟ್ಟಿನಲ್ಲಿ ಮನೆ ಖರ್ಚಿಗೆ, ಗೊಬ್ಬರಕ್ಕೆ ಕೇಳಿದ್ದು ಅಲ್ಲ ಅನ್ನುವ ಒಂದು ತೀರ್ಪು 2007ರಲ್ಲಿ ಬಂದಿತ್ತು. ಆರೋಪಿ ಪರ ವಕೀಲರು ಅದನ್ನೇ ಹಿಡಿದು ಎಷ್ಟೋ ವರ್ಷ ವಾದ ಮಾಡಿದರು, ನಾನೂ ಮಾಡಿದ್ದೇನೆ, ಮುಚ್ಚಿಡುವುದೇನು. 2015ರಲ್ಲಿ ಪಂಜಾಬಿನ ಒಂದು ಕೇಸಿನಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಅದು ಸರಿಯಲ್ಲ ಅಂದಿತು. ಅಲ್ಲಿ ಗಂಡನ ಮನೆಯವರು ಮನೆ ಕಟ್ಟಲು ದುಡ್ಡು ಕೇಳಿದ್ದರು, ಕೊಡಲಾಗದ ತಂದೆ ಒಂದು ಎಮ್ಮೆ ಕೊಟ್ಟಿದ್ದ. 2022ರಲ್ಲಿ ಮಧ್ಯಪ್ರದೇಶದ ಇನ್ನೊಂದು ಕೇಸಿನಲ್ಲೂ ಮನೆ ಕಟ್ಟುವ ದುಡ್ಡಿನ ಬೇಡಿಕೆ ವರದಕ್ಷಿಣೆಯೇ ಅಂತ ಹೇಳಿದರು. ಮನೆಗೆ ಕೇಳಿದ್ದು ವರದಕ್ಷಿಣೆ ಆಗುವುದಾದರೆ ಬೋರಿಗೆ ಕೇಳಿದ್ದು ಯಾಕಾಗಲ್ಲ? ನಮ್ಮ ಕಡೆ ಕಾರಿಗೆ, ಚಿನ್ನಕ್ಕೆ ಪೀಡಿಸಿದ್ದಕ್ಕಿಂತ ಬೋರಿಗೆ, ಟ್ರ್ಯಾಕ್ಟರಿನ ಕಂತಿಗೆ, ಅಡಿಕೆ ಸಸಿಗೆ ಪೀಡಿಸಿದ್ದನ್ನೇ ನಾನು ಜಾಸ್ತಿ ನೋಡಿದ್ದೇನೆ. ಕೈಸಾಲ ಕೇಳಿದೆವು ಅಷ್ಟೇ ಅಂತ ಅವರು ಹೇಳಿಯೇ ಹೇಳುತ್ತಾರೆ. ಕೈಸಾಲ ಕೊಡದಿದ್ದಕ್ಕೆ ಹೊಡೆದು ತವರಿಗೆ ಕಳಿಸುತ್ತಾರಾ ಅಂತ ನಿಮ್ಮ ವಕೀಲರು ಕೇಳಬೇಕು, 2020ರ ಆಸ್ಪತ್ರೆ ಚೀಟಿ ಮುಂದಿಟ್ಟು.

ಎರಡನೆಯದು ಅಮ್ಮನ ಮಾತು ಬರೀ ಕೇಳಿದ ಮಾತು ಅನ್ನುವುದು. ಸಾಮಾನ್ಯವಾಗಿ ಬೇರೆಯವರು ಹೇಳಿದ್ದನ್ನು ಬಂದು ಹೇಳಿದರೆ ಕೋರ್ಟು ಒಪ್ಪಲ್ಲ, ನಿಜ. ಆದರೆ ಹೇಳಿದವರು ಸತ್ತಿದ್ದು, ಆ ಸಾವೇ ಕೇಸಿನಲ್ಲಿ ಪ್ರಶ್ನೆಯಾಗಿದ್ದು, ಆ ಮಾತು ಸಾವಿಗೆ ಕಾರಣವಾದ ಸಂದರ್ಭದ ಬಗ್ಗೆ ಇದ್ದರೆ ಒಪ್ಪಬಹುದು. ಮರಣ ಹೇಳಿಕೆ ಅಂದರೆ ಆಸ್ಪತ್ರೆಯ ಮಂಚದ ಮೇಲೆ ಕೊನೆ ಉಸಿರಲ್ಲಿ ಹೇಳಿದ್ದು ಮಾತ್ರ ಅಂದುಕೊಂಡಿರುತ್ತೇವೆ, ನಮ್ಮ ದೇಶದ ಕಾನೂನಿನಲ್ಲಿ ಅದರ ಬೇಲಿ ಅಷ್ಟು ಕಿರಿದಲ್ಲ. 1984ರಲ್ಲೇ ಮಹಾರಾಷ್ಟ್ರದ ಒಂದು ಕೇಸಿನಲ್ಲಿ ಸತ್ತ ಹೆಂಡತಿ ಸಹೋದರಿಗೆ, ಗೆಳತಿಗೆ ಬರೆದ ಕಾಗದಗಳ ಮೇಲೆ ಸುಪ್ರೀಂ ಕೋರ್ಟ್ ಈ ವಿಷಯವನ್ನು ವಿವರವಾಗಿ ಚರ್ಚಿಸಿದೆ. ಮಧ್ಯೆ 2002ರಲ್ಲಿ, 2009ರಲ್ಲಿ ಬಂದ ತೀರ್ಪುಗಳು, ಬರೀ 498ಎ ಸಾಬೀತು ಮಾಡಲು ಇಂಥ ಮಾತು ಬರಲ್ಲ ಅಂದಿದ್ದವು. 2022ರಲ್ಲಿ ಕೇರಳದಿಂದ ಬಂದ ಸುರೇಂದ್ರನ್ ಕೇಸಿನಲ್ಲಿ ಮೂವರು ನ್ಯಾಯಮೂರ್ತಿಗಳು ಆ ಗೊಂದಲ ತೆಗೆದರು. ನಿಮ್ಮ ತೀರ್ಪಿನಲ್ಲಿ ಹಳೇ ತೀರ್ಪನ್ನು ಆಧಾರ ಮಾಡಿಕೊಂಡಿದ್ದಾರಾ, 2022ರದ್ದನ್ನು ಯಾರಾದರೂ ತೋರಿಸಿದ್ದರಾ ಅಂತ ನೋಡಿ. ತೋರಿಸಿರದಿದ್ದರೆ ನಿಮ್ಮ ಅಪೀಲಿನ ಗಟ್ಟಿ ಕಲ್ಲು ಇದೇ.

ಮೂರನೆಯದು, ನನಗೆ ಅನುಮಾನ ಇರುವುದು, 306. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಮನೆಯವರಿಗೆ ಇದರಷ್ಟು ಅರ್ಥವಾಗದ್ದು ಇನ್ನೊಂದಿಲ್ಲ. ಹಿಂಸೆ ಕೊಟ್ಟ ಅಂತ ಒಪ್ಪಿದ್ದಾರೆ, ಆ ಹಿಂಸೆ ತಾಳಲಾರದೆ ಸತ್ತಳು ಅಂತ ಊರಿಗೇ ಗೊತ್ತು, ಮತ್ತೆ 498ಎಗೆ ಶಿಕ್ಷೆ ಕೊಟ್ಟು 306ರಲ್ಲಿ ಬಿಟ್ಟರು ಅಂದರೆ ಏನರ್ಥ ಅಂತ ಕೇಳುತ್ತಾರೆ. ಅರ್ಥ ಇದೆ. 498ಎ ಕೇಳುವುದು, ಕ್ರೌರ್ಯ ಮಾಡಿದನಾ ಅಂತ. 306 ಕೇಳುವುದು, ಸಾಯಲು ಪ್ರಚೋದಿಸಿದನಾ ಅಂತ. ಪ್ರಚೋದನೆಗೆ ಉದ್ದೇಶ ಬೇಕು, ಸಾವಿಗೆ ಹತ್ತಿರದ ನಡವಳಿಕೆ ಬೇಕು. 2001ರಲ್ಲಿ ಛತ್ತೀಸ್‌ಗಢದ ಒಂದು ಕೇಸಿನಲ್ಲಿ, ಜಗಳದ ಭರದಲ್ಲಿ ಗಂಡ ಎಲ್ಲಿಗಾದರೂ ಹೋಗು, ಏನಾದರೂ ಮಾಡಿಕೋ ಅನ್ನುವ ಅರ್ಥದ ಮಾತಾಡಿದ್ದ. ಸಿಟ್ಟಲ್ಲಿ ಬಂದ ಮಾತು ಪ್ರಚೋದನೆ ಆಗಲ್ಲ ಅಂತ 306ರಿಂದ ಬಿಟ್ಟು, 498ಎ ಶಿಕ್ಷೆ ಉಳಿಸಿದರು. 2024ರ ಡಿಸೆಂಬರ್‌ನಲ್ಲಿ ಗುಜರಾತಿನ ಕೇಸಿನಲ್ಲೂ ಅದೇ ದಾರಿ ಹಿಡಿದರು: ಬರೀ ಕಿರುಕುಳ ಸಾಲದು ಅಂತ.

ಆದರೆ ಮದುವೆಯಾಗಿ 7 ವರ್ಷದೊಳಗೆ ಹೆಂಡತಿ ಆತ್ಮಹತ್ಯೆ ಮಾಡಿಕೊಂಡು, ಗಂಡನ ಕ್ರೌರ್ಯ ಸಾಬೀತಾದರೆ, ಪ್ರಚೋದನೆ ಇತ್ತು ಅಂತ ಕೋರ್ಟು ಊಹಿಸಬಹುದು. ಹಳೇ ಸಾಕ್ಷ್ಯ ಕಾಯ್ದೆಯ 113ಎ ಅದನ್ನೇ ಹೇಳುತ್ತದೆ. ನಿಮ್ಮ ತಂಗಿಯದು ನಾಲ್ಕೂವರೆ ವರ್ಷ. ಕ್ರೌರ್ಯ ಸಾಬೀತು ಅಂತ ಅವರೇ 498ಎಯಲ್ಲಿ ಬರೆದಿದ್ದಾರೆ. ಊಹಿಸ'ಬಹುದು' ಅನ್ನುವ ಆ ಒಂದು ಪದದ ಮೇಲೆ ಇಡೀ ಜಗಳ. 304ಬಿಯ ಜೊತೆಗಿರುವ 113ಬಿಯಲ್ಲಿ ಊಹಿಸ'ಬೇಕು' ಅಂತಿದೆ. ಬಹುದು ಅಂದ ಕಡೆ ಕೋರ್ಟು ಊಹಿಸದೆ ಇರಬಹುದು, ಆದರೆ ಯಾಕೆ ಊಹಿಸಲಿಲ್ಲ ಅಂತ ಹೇಳಬೇಕು. ಹಾಗಾಗಿ ತೀರ್ಪು ಕೈಗೆ ಬಂದ ತಕ್ಷಣ 113ಎ ಅನ್ನುವ ಅಕ್ಷರ ಎಲ್ಲಾದರೂ ಇದೆಯಾ ಹುಡುಕಿ. ಇಲ್ಲದಿದ್ದರೆ ಅದು ತೂತು. ಜೊತೆಗೆ 498ಎಗೆ ಯಾವ ಕಾರಣಕ್ಕೆ ಶಿಕ್ಷೆ ಕೊಟ್ಟಿದ್ದಾರೆ ಅನ್ನುವ ಪ್ಯಾರಾ ಓದಿ. ಆ ಕಲಂನಲ್ಲಿ ಕ್ರೌರ್ಯಕ್ಕೆ ಎರಡು ಬಗೆ ಇದೆ. ಒಂದು, ಹೆಂಗಸನ್ನು ಆತ್ಮಹತ್ಯೆಗೆ ದೂಡುವಂಥ ಅಥವಾ ಜೀವಕ್ಕೆ, ಆರೋಗ್ಯಕ್ಕೆ ಅಪಾಯ ತರುವಂಥ ನಡವಳಿಕೆ. ಇನ್ನೊಂದು, ದುಡ್ಡು ಆಸ್ತಿಗಾಗಿ ಪೀಡಿಸುವುದು. ಮೊದಲ ಬಗೆಯಲ್ಲಿ, ಆತ್ಮಹತ್ಯೆಗೆ ದೂಡುವಂಥದ್ದು ಅಂತ ಬರೆದು ಶಿಕ್ಷೆ ಕೊಟ್ಟಿದ್ದರೆ, ಅದೇ ಕೈಯಲ್ಲಿ 306 ಇಲ್ಲ ಅಂತ ಬರೆಯುವುದು ಕಷ್ಟ. ಎರಡನೇ ಬಗೆ ಅಂತ ಬರೆದಿದ್ದರೆ ಇನ್ನೂ ಸೋಜಿಗ, ಬೋರ್‌ವೆಲ್ ದುಡ್ಡು ಅಕ್ರಮ ಬೇಡಿಕೆ ಅಂತ 498ಎಗೆ ಒಪ್ಪಿ, 304ಬಿಗೆ ಅದು ವರದಕ್ಷಿಣೆ ಅಲ್ಲ ಅಂದ ಹಾಗಾಯಿತು.

ನಿಮ್ಮದಕ್ಕೆ ತುಂಬಾ ಹತ್ತಿರದ ಒಂದು ಕೇಸು ಆಂಧ್ರದ್ದು, 2002ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನ ಮಾಡಿದ್ದು. ಗಂಡ ಹಳ್ಳಿಯ ಪೋಸ್ಟ್ ಮಾಸ್ಟರ್. ತವರಿನವರು ಮಗಳಿಗೆ ಕೊಟ್ಟ ಜಮೀನನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಪೀಡಿಸುತ್ತಿದ್ದ, ಅವಳಿಗೆ ಬಂದ ಕಾಗದಗಳನ್ನೂ ಮುಚ್ಚಿಡುತ್ತಿದ್ದ. ಅವಳು ಅವನ್ನು ಹುಡುಕಿ ಅಪ್ಪನಿಗೆ ಕೊಟ್ಟಾಗ ಮನೆಯಿಂದ ಹೊರಗೆ ಹಾಕಿದ. ಕೆಳಗಿನ ಕೋರ್ಟು, ಹೈಕೋರ್ಟು ಎರಡೂ 498ಎ ಶಿಕ್ಷೆ ಮಾತ್ರ ಉಳಿಸಿದ್ದವು. ತಂದೆತಾಯಿ ಸುಪ್ರೀಂ ಕೋರ್ಟಿಗೆ ಹೋದರು, ಅಲ್ಲಿ 113ಎ ಬಳಸಿ 306ರಲ್ಲಿ ಅವನಿಗೆ 5 ವರ್ಷ ಕೊಟ್ಟರು. ಅಂದರೆ ಬಾಗಿಲು ಮುಚ್ಚಿಲ್ಲ. ಆದರೆ ಗಮನಿಸಿ, ಅಲ್ಲಿ ಮನೆಯಿಂದ ಹೊರಗೆ ಹಾಕಿದ್ದೂ ಸಾವೂ ಒಂದರ ಹಿಂದೆ ಒಂದು ಬಂದವು. ನಿಮ್ಮ ಕೇಸಿನಲ್ಲಿ ಕೋರ್ಟು ನಂಬಿದ ಕೊನೆಯ ಘಟನೆ 2020ರ ಹೊಡೆತ, ಸಾವು 2021ರ ನವೆಂಬರ್. ನಡುವೆ ಸುಮಾರು ಒಂದು ವರ್ಷವೋ ಅದಕ್ಕೂ ಹೆಚ್ಚೋ ಖಾಲಿ. ಆ ಖಾಲಿಯನ್ನು ತುಂಬುವುದು ದೀಪಾವಳಿಯ ರಾತ್ರಿ ಒಂದೇ.

304ಬಿಗೂ ಅದೇ ಬೇಕು. ಸಾವಿಗೆ 'ಸ್ವಲ್ಪ ಮುಂಚೆ' ಪೀಡನೆ ಇತ್ತು ಅಂತ ತೋರಿಸಬೇಕು. ಹಿಂದಿನ ದಿನವೇ ಆಗಿರಬೇಕು ಅಂತಿಲ್ಲ, ಪೀಡನೆಗೂ ಸಾವಿಗೂ ಜೀವಂತ ಕೊಂಡಿ ಇರಬೇಕು ಅಂತ 2021ರಲ್ಲಿ ಸುಪ್ರೀಂ ಕೋರ್ಟ್ ಹರಿಯಾಣದ ಕೇಸಿನಲ್ಲಿ ಹೇಳಿದೆ. ಎರಡು ವಾರದ ಹಿಂದಿನ ಮಾತು ಧಾರಾಳವಾಗಿ ಕೊಂಡಿ ಆಗುತ್ತದೆ. ನಂಬಿದರೆ.

ಅದಕ್ಕೇ ಅಮ್ಮ ಮುಖ್ಯ ಅಂದೆ. ದೀಪಾವಳಿಯ ವಿಷಯ ದೂರಿನಲ್ಲಿ ಇಲ್ಲ ಅಂತ ತೀರ್ಪು ಹೇಳಿತು. ದೂರು ಕೊಟ್ಟದ್ದು ಯಾರು? ಅಪ್ಪ. ತಂಗಿ ಅತ್ತದ್ದು ಯಾರ ಹತ್ತಿರ? ಅಮ್ಮನ ಹತ್ತಿರ. ಮಗಳ ಶವದ ಮುಂದೆ ನಿಂತು, ಯಾರೋ ಬರೆದುಕೊಟ್ಟ ಹಾಳೆಗೆ ಸಹಿ ಹಾಕಿದ ಅಪ್ಪನಿಗೆ ಆ ಹೊತ್ತಿಗೆ ಅಮ್ಮ ಅದನ್ನು ಹೇಳಿದ್ದಳೋ ಇಲ್ಲವೋ. ಅಪ್ಪನ ದೂರಿನಲ್ಲಿ ಬಿಟ್ಟುಹೋದದ್ದು ಅಮ್ಮನ ಸುಳ್ಳು ಹೇಗಾಗುತ್ತದೆ? ದೂರಿನಲ್ಲಿ ಎಲ್ಲ ವಿವರವೂ ಇರಬೇಕಿಲ್ಲ ಅಂತ ಸುಪ್ರೀಂ ಕೋರ್ಟ್ ಎಷ್ಟೋ ಸಲ ಹೇಳಿದೆ. ಈಗ ಹುಡುಕಬೇಕಾದದ್ದು ಅಮ್ಮನದೇ ಹೇಳಿಕೆ. ಪೊಲೀಸರ ಮುಂದಿನ ಅಮ್ಮನ ಹೇಳಿಕೆ ಯಾವ ದಿನದ್ದು, ಅದರಲ್ಲಿ ದೀಪಾವಳಿ ಇದೆಯಾ? ಅದಕ್ಕಿಂತ ಮುಖ್ಯ, ತಹಶೀಲ್ದಾರರ ಮುಂದಿನದು. 7 ವರ್ಷದೊಳಗೆ ಹೆಣ್ಣುಮಗಳು ಹೀಗೆ ಸತ್ತರೆ ಶವದ ಪಂಚನಾಮೆ ಮಾಡುವವರು ತಹಶೀಲ್ದಾರರು. ಅವರು ತವರಿನವರ ಹೇಳಿಕೆ ಬರೆದುಕೊಳ್ಳುತ್ತಾರೆ. ಪೊಲೀಸರ ಮುಂದಿನ ಹೇಳಿಕೆಯನ್ನು ನಮ್ಮ ಪರವಾಗಿ ಬಳಸಲು ಕಾನೂನು ಬಿಡಲ್ಲ, ತಹಶೀಲ್ದಾರರ ಮುಂದೆ ಹೇಳಿದ್ದಕ್ಕೆ ಆ ಅಡ್ಡಿ ಇಲ್ಲ. ಅದರಲ್ಲಿ 'ಹಬ್ಬಕ್ಕೆ ಬಂದಾಗ ಬೋರಿನ ದುಡ್ಡಿಗೆ ಹಿಂಸೆ ಕೊಡ್ತಾರೆ ಅಂದಳು' ಅಂತ ಒಂದು ಸಾಲು ಇದ್ದರೂ ಸಾಕು, ಆಮೇಲೆ ಕಟ್ಟಿದ ಕಥೆ ಅನ್ನುವ ಮಾತಿಗೆ ಅಲ್ಲೇ ಉತ್ತರ ಸಿಗುತ್ತದೆ. ಎಲ್ಲೂ ಇಲ್ಲ, ಕೋರ್ಟಿನ ಕಟಕಟೆಯಲ್ಲೇ ಮೊದಲ ಸಲ ಬಂದದ್ದು ಅಂತಾದರೆ, ನೇರವಾಗಿ ಹೇಳುತ್ತೇನೆ, 304ಬಿ ಮತ್ತು 306 ಎರಡೂ ಏಳಿಸುವುದು ಬಹಳ ಕಷ್ಟ.

ವಾಯ್ಸ್ ಮೆಸೇಜ್ ಇಲ್ಲಿ ಸಹಾಯಕ್ಕೆ ಬರುತ್ತದಾ? ಬರಬಹುದು. ಅಪೀಲಿನಲ್ಲಿ ಹೆಚ್ಚುವರಿ ಸಾಕ್ಷ್ಯ ತೆಗೆದುಕೊಳ್ಳುವ ಅಧಿಕಾರ ಹೈಕೋರ್ಟಿಗೆ ಇದೆ, ಹಳೇ 391ನೇ ಕಲಂ. ಬಳಸುವುದು ಅಪರೂಪ. ಕೇಸಿನ ತೂತು ಮುಚ್ಚಲು ಬಂದಿದ್ದೀರಿ ಅನ್ನಿಸಿದರೆ ತಿರಸ್ಕರಿಸುತ್ತಾರೆ. ಆಗಲೇ ಯಾಕೆ ಕೊಡಲಿಲ್ಲ ಅನ್ನುವ ಪ್ರಶ್ನೆಗೆ ನಿಜವಾದ ಉತ್ತರ ಬೇಕು: ಕೊಡಲು ಹೋಗಿದ್ದೆವಾ, ಬೇಡ ಅಂದರಾ, ಅಥವಾ ನಮಗೇ ಹೊಳೆಯಲಿಲ್ಲವಾ. ಏನಿದ್ದರೂ ಆ ಫೋನನ್ನು ಮಾತ್ರ ಹಾಗೇ ಇಡಿ. ರಿಪೇರಿಗೆ ಕೊಡಬೇಡಿ, ಹೊಸ ಫೋನಿಗೆ ವಾಟ್ಸಾಪ್ ಬದಲಾಯಿಸಬೇಡಿ. ಫಾರ್ವರ್ಡ್ ಆಗಿ ಬಂದ ನಕಲಿಗೆ ಪ್ರಮಾಣಪತ್ರದ ತಕರಾರು ಬರುತ್ತದೆ, ಮೂಲ ಫೋನನ್ನೇ ಅದರ ಒಡತಿ ಕಟಕಟೆಗೆ ತಂದರೆ ಆ ತಕರಾರು ಇಲ್ಲ.

ಇನ್ನು ಆರು ಜನ. ಇದನ್ನು ಹೇಳಿದರೆ ಕಕ್ಷಿದಾರರು ನನ್ನ ಮೇಲೆ ಸಿಟ್ಟಾಗುತ್ತಾರೆ, ಆದರೂ ಹೇಳುತ್ತೇನೆ. ನಾದಿನಿಯರು ಬೇರೆ ಊರಲ್ಲಿ ಸಂಸಾರ ಮಾಡಿಕೊಂಡಿದ್ದರೆ, ಅವರು ಇಂಥ ದಿನ ಇಂಥದ್ದು ಮಾಡಿದರು ಅಂತ ಕಡತದಲ್ಲಿ ಇರದಿದ್ದರೆ, ಅಪೀಲಿನಲ್ಲಿ ಅವರನ್ನು ಎಳೆಯಬೇಡಿ. ಮನೆಮಂದಿಯನ್ನೆಲ್ಲ ಸಾರಾಸಗಟಾಗಿ ಸೇರಿಸುವ ಚಾಳಿಯ ಬಗ್ಗೆ ಸುಪ್ರೀಂ ಕೋರ್ಟ್ 2010ರಿಂದಲೂ ಬೇಸರ ಹೇಳುತ್ತಲೇ ಬಂದಿದೆ. ಅನ್ಯಾಯವಾಗಿ ಸಿಕ್ಕಿಕೊಂಡವರ ಪರವಾಗಿಯೂ ನಾನು ಕೇಸು ನಡೆಸಿದ್ದೇನೆ, ಅವರ ಮನೆಯಲ್ಲೂ ಊಟ ನಿದ್ದೆ ಇರುವುದಿಲ್ಲ. ಅದನ್ನು ಬದಿಗಿಟ್ಟು ನಿಮ್ಮ ಲಾಭದ ಲೆಕ್ಕದಲ್ಲೇ ನೋಡಿದರೂ, ಆರು ಜನರ ಮೇಲೆ ಹಾಕಿದ ಅಪೀಲು ಸಿಟ್ಟಿನ ಅಪೀಲಿನ ಹಾಗೆ ಕಾಣುತ್ತದೆ. ಗಂಡನ ಮೇಲೆ, ದಾಖಲೆ ಇದ್ದರೆ ಅತ್ತೆಯ ಮೇಲೆ, ಅಷ್ಟಕ್ಕೆ ನಿಲ್ಲಿಸಿದರೆ ನ್ಯಾಯಮೂರ್ತಿಗಳು ಗಮನ ಕೊಟ್ಟು ಓದುತ್ತಾರೆ.

ಅಪಾಯ ಏನು ಅಂತ ಕೇಳಿ. ಗಂಡ ಹೇಗೂ ತನ್ನ 2 ವರ್ಷದ ವಿರುದ್ಧ ಅಪೀಲು ಹಾಕುತ್ತಾನೆ. ಎರಡನ್ನೂ ಒಟ್ಟಿಗೆ ಕೇಳಿ ಅಂತ ನಿಮ್ಮ ವಕೀಲರು ಅರ್ಜಿ ಹಾಕಬೇಕು. ಹಾಗೆ ಕೇಳುವಾಗ ಇಡೀ ಕಡತ ಮತ್ತೆ ತೆರೆಯುತ್ತದೆ, ಇದ್ದ 498ಎ ಶಿಕ್ಷೆಯೂ ಹೋಗಬಹುದು. ನೀವು ಅಪೀಲು ಹಾಕದಿದ್ದರೂ ಆ ಅಪಾಯ ಇದ್ದದ್ದೇ. ಇನ್ನೊಂದು ವ್ಯತ್ಯಾಸ, ನೀವು ಹಾಕದಿದ್ದರೆ ಅಲ್ಲಿ ಅವನ ಎದುರು ಸರ್ಕಾರಿ ವಕೀಲರು ಒಬ್ಬರೇ ಇರುತ್ತಾರೆ, ನಿಮ್ಮ ಮಾತು ಹೇಳುವವರು ಇರಲ್ಲ. ಕಾಲದ ಬಗ್ಗೆ ಸುಳ್ಳು ಭರವಸೆ ಕೊಡಲಾರೆ. ಹರಿಯಾಣದ ಒಂದು ಕೇಸಿನಲ್ಲಿ ಹೆಂಡತಿ ತೀರಿಕೊಂಡದ್ದು 1993ರಲ್ಲಿ, ಸುಪ್ರೀಂ ಕೋರ್ಟಿನ ಕೊನೆಯ ತೀರ್ಪು ಬಂದದ್ದು 2024ರಲ್ಲಿ, ಅದೂ ಗಂಡನ ಖುಲಾಸೆಯಲ್ಲಿ ಮುಗಿಯಿತು.

ಮಗುವಿನ ವಿಷಯದಲ್ಲಿ ಅವರು ಹೇಳಿ ಕಳಿಸಿದ್ದು ಬರೀ ಬೆದರಿಕೆ. 306, 304ಬಿ, 498ಎ ಯಾವುದೂ ನಮ್ಮ ರಾಜ್ಯದಲ್ಲಿ ರಾಜಿ ಮಾಡಿ ಮುಗಿಸುವ ಅಪರಾಧ ಅಲ್ಲ. ಮಗು ಯಾರ ಹತ್ತಿರ ಇರಬೇಕು ಅನ್ನುವುದನ್ನು ಕೌಟುಂಬಿಕ ನ್ಯಾಯಾಲಯ ಮಗುವಿನ ಹಿತ ನೋಡಿ ತೀರ್ಮಾನಿಸುತ್ತದೆ, ಕಾಗದದ ಮೇಲೆ ಇಬ್ಬರೂ ಸಹಿ ಹಾಕಿದ್ದಕ್ಕೆ ಅಲ್ಲ. ಅಪೀಲು ಬಿಟ್ಟು ಸಹಿ ಹಾಕಿಕೊಟ್ಟವರ ಹತ್ತಿರ ಎರಡು ವರ್ಷ ಬಿಟ್ಟು ಮಗುವನ್ನು ಕೇಳಲು ಬಂದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅಪ್ಪನಿಗೆ ಹಕ್ಕೇ ಇಲ್ಲ ಅಂತಲೂ ಅಲ್ಲ. ಅದಕ್ಕೇ ಅವರು ಬರುವ ಮುಂಚೆ ನೀವೇ ಗಾರ್ಡಿಯನ್ ಅರ್ಜಿ ಹಾಕಿಕೊಳ್ಳುವುದು ಒಳ್ಳೆಯದು. ಮಗಳು ಯಾವ ಶಾಲೆ, ಯಾರು ಸಾಕುತ್ತಿದ್ದಾರೆ, ಎಷ್ಟು ವರ್ಷದಿಂದ ಅನ್ನುವ ಕಾಗದ ಜೋಡಿಸಿಡಿ. ಇನ್ನೊಂದು ವಿಷಯ ಯಾರೂ ನಿಮಗೆ ಹೇಳಿರಲ್ಲ. ವರದಕ್ಷಿಣೆ ನಿಷೇಧ ಕಾಯ್ದೆಯ 6ನೇ ಕಲಂ ಪ್ರಕಾರ, 7 ವರ್ಷದೊಳಗೆ ಹೆಣ್ಣುಮಗಳು ಸಹಜವಲ್ಲದ ರೀತಿ ಸತ್ತರೆ, ವರದಕ್ಷಿಣೆಯಾಗಿ ಹೋದದ್ದು ಅವಳ ಮಕ್ಕಳಿಗೆ ಸೇರಬೇಕು, ಮಕ್ಕಳಿಲ್ಲದಿದ್ದರೆ ತಂದೆತಾಯಿಗೆ. ಆ 8 ತೊಲ, 3 ಲಕ್ಷ ನಿಮ್ಮ ಮನೆಯಲ್ಲಿ ಆಡುತ್ತಿರುವ ಮಗುವಿನದು. ಜೊತೆಗೆ, ಕೇಸು ಖುಲಾಸೆಯಲ್ಲಿ ಮುಗಿದರೂ ನೊಂದವರ ಪುನರ್ವಸತಿಗೆ ಪರಿಹಾರ ಕೊಡಿ ಅಂತ ಕೋರ್ಟು ಶಿಫಾರಸು ಮಾಡಲು ಕಾನೂನಿನಲ್ಲಿ ಜಾಗ ಇದೆ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಿ.

ಅಪೀಲು ಯಾರ ಹೆಸರಲ್ಲಿ? ನಿಮ್ಮ ಹೆಸರಲ್ಲಿ ಬೇಡ. ಅಣ್ಣ ನೊಂದ ವ್ಯಕ್ತಿ ಹೌದೋ ಅಲ್ಲವೋ ಅಂತ ಮೊದಲ ದಿನವೇ ಚರ್ಚೆ ಶುರುವಾಗುತ್ತದೆ. ವರದಕ್ಷಿಣೆ ಸಾವಿನ ಕೇಸಿನಲ್ಲಿ ತಂದೆಗೆ ಹಕ್ಕಿದೆ ಅಂತ 2015ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ನಾನಾದರೆ ಅಮ್ಮನನ್ನು ಮೊದಲನೇ ಅಪೀಲುದಾರರಾಗಿ ಮಾಡಿ, ಜೊತೆಗೆ ಅಪ್ಪನನ್ನು, ಅಮ್ಮನ ಮೂಲಕ ಮೊಮ್ಮಗಳನ್ನೂ ಸೇರಿಸುತ್ತೇನೆ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ, ಹೈಕೋರ್ಟಿನಲ್ಲೇ ಅದಕ್ಕೆ ಸಮಿತಿ ಇದೆ, 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ. ಬೆಂಗಳೂರಿನ ವಕೀಲರ ಫೀಸಿಗೆ ಹೆದರಿ ದಿನ ಕಳೆಯಬೇಡಿ.

ನಾಳೆ ಬೆಳಗ್ಗೆ ಕೋರ್ಟಿನ ನಕಲು ವಿಭಾಗಕ್ಕೆ ಹೋಗಿ ಅರ್ಜಿ ಕೊಡಿ. ತೀರ್ಪಿಗೆ ಮಾತ್ರ ಅಲ್ಲ, ಅಮ್ಮನ ಸಾಕ್ಷ್ಯ, ಅಪ್ಪನ ಸಾಕ್ಷ್ಯ, ತನಿಖಾಧಿಕಾರಿಯ ಪಾಟಿ ಸವಾಲು, 2020ರ ಆಸ್ಪತ್ರೆ ದಾಖಲೆ, ಮತ್ತೆ ತಹಶೀಲ್ದಾರರ ಪಂಚನಾಮೆ, ಅದರ ಜೊತೆಗಿರುವ ಹೇಳಿಕೆಗಳ ಸಮೇತ. ಸಿಕ್ಕ ದಿನ ಬೇರೆ ಏನನ್ನೂ ಓದುವ ಮುಂಚೆ ಆ ಪಂಚನಾಮೆಯ ಹಾಳೆ ತಿರುಗಿಸಿ, ಅಮ್ಮನ ಹೇಳಿಕೆಯಲ್ಲಿ ಹಬ್ಬ ಅನ್ನುವ ಪದ ಇದೆಯಾ ನೋಡಿ.